ಮುಖ ನೋಡಿ ಮಣೆ ಹಾಕುವ ರೋಗವಲ್ಲ

ಅಳಿಯಾ, ಈ ವಿಷಯವನ್ನು ನಿಮ್ಮಪ್ಪ ಎತ್ತುವವರಲ್ಲ. ಎತ್ತಿದರೂ ನೀನು ಅವರೆದುರು ಕೂತು ಕೇಳುವವನಲ್ಲ. ಸೋದರಮಾವನಿಗೆ ಆ ಸಂಕೋಚ ಇಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಅನ್ನೋ ಸಲಹಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಮಾತಾಡುವುದೇ ನನ್ನ ನೌಕರಿಯಾಗಿತ್ತಲ್ಲ.

ಅಲ್ಲಿ ಪದೇ ಪದೇ ಕೇಳಿದ ಮಾತು, "ಸಾರ್, ನೋಡೋಕೆ ಚೆನ್ನಾಗೇ ಇದ್ರು." ಚೆನ್ನಾಗೇ ಇರ್ತಾರೆ ಕಣೋ. ವೈರಸ್ ಹೊಕ್ಕ ಮೇಲೂ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದೆ ಇರಬಹುದು. ಓದು, ಮನೆತನ, ಒಳ್ಳೆ ಬಟ್ಟೆ ಯಾವುದೂ ಲ್ಯಾಬ್ ರಿಪೋರ್ಟ್ ಅಲ್ಲ.

ಇನ್ನೊಂದು, "ಒಂದೇ ಸಲ ತಾನೆ?" ಲೆಕ್ಕ ಹೇಳ್ತೀನಿ ಕೇಳು. ಚಿಕಿತ್ಸೆ ಪಡೆಯದ ಸೋಂಕಿತರ ಜೊತೆ ಕಾಂಡೋಮ್ ಇಲ್ಲದೆ ಯೋನಿ ಸಂಭೋಗ ಆದರೆ, ಸರಾಸರಿ 10,000 ಸಲದಲ್ಲಿ ಹೆಣ್ಣಿಗೆ ಸುಮಾರು 8 ಸಲ, ಗಂಡಿಗೆ ಸುಮಾರು 4 ಸಲ ಸೋಂಕು ತಗಲುತ್ತೆ. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ ಸುಮಾರು 138. ಇಷ್ಟೇನಾ ಅಂತ ನಗಬೇಡ. ಆ ನಾಲ್ಕರಲ್ಲಿ ನಿನ್ನ ಮೊದಲನೆಯ ಸಲವೇ ಒಂದಾಗಬಹುದು. ಅದೂ ಅಲ್ಲದೆ ಸೋಂಕು ತಗುಲಿದ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ವಿಪರೀತ ಇರುತ್ತೆ, ಆಗ ಅಪಾಯ ಹಲವು ಪಟ್ಟು. ಅದೇ ವಾರಗಳಲ್ಲಿ ಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬರಲೂಬಹುದು! "ಟೆಸ್ಟ್ ಮಾಡಿಸಿದ್ದೀನಿ" ಅಂದವರು ಸುಳ್ಳು ಹೇಳಿರಲ್ಲ, ಆದರೂ ಆ ಮಾತೊಂದನ್ನೇ ನಂಬಿ ಕೂರುವ ಹಾಗಿಲ್ಲ. ಸಿಫಿಲಿಸ್, ಹರ್ಪಿಸ್ ಹುಣ್ಣು ಯಾರಿಗಿದ್ದರೂ ಅಪಾಯ ಇನ್ನೂ ಹೆಚ್ಚು.

ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಗುಳಿಗೆ ತಪ್ಪದೆ ನುಂಗಿ, ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಹರಡಲ್ಲ. ಎಚ್ಚರ ಬೇಕಾದದ್ದು ತನಗೆ ಸೋಂಕಿದೆ ಅಂತಲೇ ಗೊತ್ತಿಲ್ಲದವರ ವಿಷಯದಲ್ಲಿ. ನಮ್ಮ ಜನ ಮಾಡೋದು ತದ್ವಿರುದ್ಧ: ಎಆರ್‌ಟಿ ತಗೊಳ್ಳುವವರು ಕುಡಿದ ಲೋಟ ಮುಟ್ಟಲ್ಲ. ಲೋಟದಿಂದಲೂ ಬರಲ್ಲ, ಸೊಳ್ಳೆಯಿಂದಲೂ ಬರಲ್ಲ.

ಕಾಂಡೋಮ್ ಜೇಬಲ್ಲಿದ್ದರೆ ಸಾಲದು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟು ಹಾಳು ಮಾಡಬೇಡ, ದಿನಾಂಕ ನೋಡು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರಿದರೆ ಲ್ಯಾಟೆಕ್ಸ್ ಹರಿಯುತ್ತೆ. ನೀರಿನಂಶದ ಜೆಲ್ ಸಿಗುತ್ತೆ, ಅದನ್ನು ತಗೋ. ಒಂದರ ಮೇಲೆ ಇನ್ನೊಂದು ಹಾಕುವ ಜಾಣತನ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳೋಕೆ ನಾಚಿಕೆಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ. ಅಲ್ಲೂ ನಾಚಿಕೆ ಅಂದರೆ ನಿನಗಿನ್ನೂ ಆ ವಯಸ್ಸು ಬಂದಿಲ್ಲ ಅಂತ ನನ್ನ ತೀರ್ಮಾನ.

ಅಕಸ್ಮಾತ್ ಹರಿದೇ ಹೋಯಿತು, ಇಲ್ಲ ಹಾಕಿಕೊಳ್ಳೋದೇ ತಪ್ಪಿತು ಅನ್ನು. ಆಗ ಹರಕೆ ಹೊರುತ್ತಾ ಕೂರಬೇಡ. ಸೋಂಕು ನಿಲ್ಲಿಸುವ ಪಿಇಪಿ ಗುಳಿಗೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. 28 ದಿನ ಬಿಡದೆ ನುಂಗಬೇಕು. ಶನಿವಾರ ರಾತ್ರಿ ಆದದ್ದನ್ನು ಬುಧವಾರ ಹೇಳಿಕೊಂಡು ಬಂದರೆ ಕೊಡೋಕೆ ಏನೂ ಉಳಿದಿರಲ್ಲ. ಎಆರ್‌ಟಿ ಕೇಂದ್ರ ಮುಚ್ಚಿದ್ದರೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗು. 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತೆ. ನಿನ್ನ ರಿಪೋರ್ಟ್ ಊರಿಗೆ ಡಂಗುರವಾಗುತ್ತೆ ಅನ್ನೋ ಭಯ ಬೇಡ, ಗುಟ್ಟು ಕಾಯಬೇಕು ಅಂತ 2017ರ ಕಾಯ್ದೆಯೇ ಇದೆ.

ಏನೂ ತೋಚದಿದ್ದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಯಾರ ಜೊತೆ, ಎಲ್ಲಿ ಅಂತ ಕೇಳಲ್ಲ. ಎಷ್ಟು ಗಂಟೆ ಕಳೆಯಿತು ಅಂತ ಮಾತ್ರ ಕೇಳ್ತೀನಿ.