ಮೊದಲು ಯಾವ ಹಾಸಿಗೆಯತ್ತ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ತಾಲ್ಲೂಕುಗಳಲ್ಲಿ ಔಷಧೋಪಚಾರದ ರೋಗಿಗಳನ್ನೂ ಶಸ್ತ್ರಚಿಕಿತ್ಸೆಯಾದವರನ್ನೂ ಒಟ್ಟಿಗೆ ನೋಡಿಕೊಳ್ಳುವ ಶುಶ್ರೂಷಕಿಗೆ, ಯಾರ ಬಳಿಗೆ ಮೊದಲು ಹೋಗಬೇಕೆಂಬ ಪ್ರಶ್ನೆ ರಾತ್ರಿ ಪಾಳಿಯುದ್ದಕ್ಕೂ ಬಿಡದೆ ಎದುರಾಗುತ್ತದೆ. ರೋಗಿಯಲ್ಲಿ ಕಂಡದ್ದನ್ನು ಗಮನಿಸಿ, ಅದರ ಅರ್ಥ ತಿಳಿದು, ತಕ್ಕ ಕ್ರಮ ಕೈಗೊಂಡು, ಅದರ ಫಲವನ್ನು ಮತ್ತೆ ಪರಿಶೀಲಿಸುವ ಈ ವಿವೇಚನೆಯನ್ನು ಕ್ಲಿನಿಕಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಮಂಡಿಸಿದ ಮಾದರಿಯಲ್ಲಿರುವುದು ಈ ನಾಲ್ಕು ಹಂತಗಳೇ.

ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ ಎಂಬ ಆದ್ಯತೆಯ ಕ್ರಮವನ್ನು ವಿದ್ಯಾರ್ಥಿದೆಸೆಯಲ್ಲೇ ಕಲಿಸುತ್ತಾರಾದರೂ, ಜೋರಾಗಿ ನರಳುವವನ ಸುತ್ತ ಬಂಧುಗಳು ನೆರೆದು ಕರೆಯುತ್ತಿರುವಾಗ ಮೂಲೆಯಲ್ಲಿ ಸದ್ದಿಲ್ಲದೆ ಮಲಗಿದವನನ್ನು ಮೊದಲು ನೋಡುವ ಧೈರ್ಯ ಅನುಭವದಿಂದಷ್ಟೇ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಕಬ್ಬು, ಭತ್ತದ ಬಯಲಿನಿಂದ ಬರುವ ಹಾವು ಕಡಿತದ ರೋಗಿಗಳಲ್ಲಿ, ಸದ್ದಿಲ್ಲದವನೂ ಅಪಾಯದಲ್ಲಿರಬಹುದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕೊಳಕುಮಂಡಲ ಕಡಿದವನ ಕಾಲು ಊದಿ, ನೋವು ಕೂಗಿಸುತ್ತದೆ; ಅವನ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕಿಳಿದಿದೆಯೆಂದು ತಿಳಿಯಬಹುದು. ಕಟ್ಟುಹಾವು ಕಡಿದವನಿಗಾದರೋ ನೋವೂ ಕಡಿಮೆ, ಗಾಯವೂ ಕಾಣುವುದು ಕಷ್ಟ. ಅವನ ರೆಪ್ಪೆಗಳು ಜಾರಿ, ಉಗುಳು ನುಂಗಲಾಗದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲನೆಂದು ಮತ್ತೆ ಮತ್ತೆ ಕೇಳಿ, ಎಣಿಕೆ ಇಳಿಯುತ್ತಿದೆಯೆಂದು ಗುರುತಿಸುವ ಶುಶ್ರೂಷಕಿ ವೈದ್ಯರನ್ನು ವೇಳೆಗೆ ಸರಿಯಾಗಿ ಕರೆಯಬಲ್ಲಳು.

ಕೀಟನಾಶಕ ಸೇವಿಸಿದವರ ವಿಷಯದಲ್ಲಿ ಮೊದಲ ದಿನ ದಾಟಿತೆಂಬ ಸಮಾಧಾನವೇ ಅಪಾಯಕಾರಿ. ಆರ್ಗನೋಫಾಸ್ಫೇಟ್ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳೊಳಗೆ ಸ್ನಾಯುಗಳು ಮತ್ತೆ ಸೋಲಬಹುದು, ಮತ್ತು ಚೇತರಿಸಿಕೊಂಡಂತೆ ಕಂಡವನು ದಿಂಬಿನಿಂದ ತಲೆ ಎತ್ತಲಾರದಿರುವುದೇ ಅದರ ಮೊದಲ ಸೂಚನೆಯಾಗಿರಬಹುದು. ಶಸ್ತ್ರಚಿಕಿತ್ಸೆಯಾದವರಲ್ಲೂ ಒಳಗೆ ರಕ್ತಸ್ರಾವವಾಗುವಾಗ ನಾಡಿ ಮೊದಲು ಏರುತ್ತದೆ, ರಕ್ತದೊತ್ತಡ ಇಳಿಯುವುದು ತಡವಾಗಿ.

ಪಠ್ಯಪುಸ್ತಕಗಳು ಹೆಚ್ಚು ಹೇಳದ ಇನ್ನೊಂದು ಅಂಶ ದಾರಿಯ ದೂರ. ಶ್ರೀರಂಗಪಟ್ಟಣಕ್ಕೆ ಮೈಸೂರು ಹತ್ತಿರ. ನಾಗಮಂಗಲ ತಾಲ್ಲೂಕಿನಲ್ಲೇ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆದರೆ ಕೆ.ಆರ್. ಪೇಟೆಯಿಂದ ಮಂಡ್ಯಕ್ಕಾಗಲಿ ಮೈಸೂರಿಗಾಗಲಿ ಪಯಣ ದೀರ್ಘವಾದ್ದರಿಂದ, ಅಲ್ಲಿ ಅದೇ ಲಕ್ಷಣವನ್ನು ಇನ್ನೂ ಬೇಗ ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ. ಆದ್ಯತೆಯೆಂಬುದು ರೋಗದ ತೀವ್ರತೆಯ ಜೊತೆಗೆ ಆಂಬುಲೆನ್ಸಿನ ಹೊತ್ತನ್ನೂ ಸೇರಿಸಿ ಹಾಕುವ ಲೆಕ್ಕ.

ಇಷ್ಟಾದರೂ ವಾರ್ಡುಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಉಸಿರಾಟದ ಎಣಿಕೆಯೇ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜವೆಂದು ತಿಳಿದಿರುವುದರಿಂದಲೇ ಎಣಿಸದೆ ಅಂದಾಜಿನಲ್ಲಿ ಬರೆದುಬಿಡುವ ರೂಢಿ ಬೆಳೆಯುತ್ತದೆ. ಹೊಸದಾಗಿ ಪಾಳಿಗೆ ಬರುವವರಿಗೆ ಹಿರಿಯರು ಪೂರ್ತಿ ಒಂದು ನಿಮಿಷ ಎಣಿಸುವುದನ್ನೇ ಮೊದಲು ಕಲಿಸಬೇಕು. ರೋಗಿಯ ಜೊತೆಗಿರುವ ಬಂಧುಗಳಲ್ಲೂ ಒಂದು ಕೋರಿಕೆ: ಆತ ಮಾತು ಕಡಿಮೆ ಮಾಡಿದರೆ, ರೆಪ್ಪೆ ಜಾರಿದರೆ, ಹಿಂದೆಂದೂ ಇಲ್ಲದಂತೆ ಮಂಕಾದರೆ, ನಿದ್ದೆ ಬಂದಿರಬೇಕೆಂದು ಸುಮ್ಮನಿರದೆ ಕೂಡಲೇ ಸಿಸ್ಟರನ್ನು ಕರೆಯಿರಿ.