ಒಂದು ಲೋಟ ಕಾಫಿಗೆ ಎಷ್ಟು ಹಣ್ಣು?



ಕಳೆದ ಚಳಿಗಾಲದಲ್ಲಿ ತರಗತಿಗೆ ಮನೆಯ ಕಾಫಿ ಫಿಲ್ಟರ್ ತಂದಿದ್ದೆ, ನೆನಪಿದೆಯಾ? "ಕಾಫಿ ಎಲ್ಲಿಂದ ಬರುತ್ತೆ?" ಅಂತ ಕೇಳಿದೆ. "ಕಾಸ್ಟ್‌ಕೋದಿಂದ ಅಂಕಲ್!" ಅಂತ ಉತ್ತರ ಬಂತು. ಎಲ್ಲರೂ ನಕ್ಕೆವು. ಮನೆಗೆ ಹೋಗುವಾಗ ನನಗೆ ನಮ್ಮ ಅಜ್ಜಿ ನೆನಪಾದರು. ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ ಅವರು ಕೂಲಿಗೆ ಕಾಫಿ ಹಣ್ಣು ಕೊಯ್ಯುತ್ತಿದ್ದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಅದಕ್ಕೇ ಈ ಪಾಠ.

ಗಿಡದಿಂದ ಲೋಟಕ್ಕೆ

ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಅದು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಗಿಡದ ತುಂಬ ಮಲ್ಲಿಗೆಯಂಥ ಬಿಳಿ ಹೂ. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣು ಕೆಂಪಾಗುತ್ತೆ. ಎಲ್ಲ ಹಣ್ಣೂ ಒಟ್ಟಿಗೆ ಮಾಗುವುದಿಲ್ಲ. ಹಾಗಾಗಿ ಹಣ್ಣಾದದ್ದನ್ನು ಮಾತ್ರ ಕೈಯಿಂದ ಬಿಡಿಸಬೇಕು, ಅದೇ ಗಿಡಕ್ಕೆ ಮೂರು-ನಾಲ್ಕು ಸಲ ಬರಬೇಕು. ಆಮೇಲೆ ಸಿಪ್ಪೆ ತೆಗೆದು, ಕಣದಲ್ಲಿ ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ.

ಈಗ ಲೆಕ್ಕ:
• ಒಂದು ಲೋಟಕ್ಕೆ ಬೇಕಾದ ಪುಡಿ: ಸುಮಾರು 10 ಗ್ರಾಂ
• ನಮ್ಮ ಮನೆಯಲ್ಲಿ ತೂಗಿ ಎಣಿಸಿದಾಗ 10 ಗ್ರಾಂಗೆ ಬಂದ ಹುರಿದ ಬೀಜ: 78
• ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ 2 ಬೀಜ. 78 ÷ 2 = 39

ಅಂದರೆ ಲೋಟಕ್ಕೆ ಸುಮಾರು 40 ಹಣ್ಣು! ಅಪ್ಪ-ಅಮ್ಮ ದಿನಕ್ಕೆ ಎರಡೆರಡು ಲೋಟ ಕುಡಿದರೆ 160. ಅಷ್ಟನ್ನೂ ಯಾರೋ ಒಂದೊಂದಾಗಿ ಕಿತ್ತಿದ್ದಾರೆ. ಅಜ್ಜಿಗೆ ಕೂಲಿ ಸಿಗ್ತಿದ್ದದ್ದು ಹಣ್ಣಿನ ತೂಕದ ಮೇಲೆ. ಮನೆಯಲ್ಲಿ ಅವರು ಕುಡೀತಿದ್ದದ್ದು ಮಾತ್ರ ಬೆಲ್ಲ ಹಾಕಿದ ಕರೀ ಕಾಫಿ. ಹಾಲಿಗೆ ದುಡ್ಡು ಸಾಲುತ್ತಿರಲಿಲ್ಲ.

ಲೋಟದೊಳಗೆ ಏನಿದೆ?

ಬರೀ ಡಿಕಾಕ್ಷನ್‌ನಲ್ಲಿ ಕ್ಯಾಲೊರಿ ಇಲ್ಲವೇ ಇಲ್ಲ ಅನ್ನಬಹುದು. ಅದು ಬರೋದು ಹಾಲು, ಸಕ್ಕರೆಯಿಂದ. ಒಂದು ಟೀ ಚಮಚ ಸಕ್ಕರೆ ಅಂದರೆ 4 ಗ್ರಾಂ, 16 ಕ್ಯಾಲೊರಿ. ಕಾಫಿ ಶಾಪಿನ ದೊಡ್ಡ ಕ್ಯಾರಮೆಲ್ ಫ್ರಾಪೆಯಲ್ಲಿ, ಹಾಲಿನದೂ ಸೇರಿ, 50 ಗ್ರಾಂವರೆಗೂ ಸಕ್ಕರೆ ಇರಬಹುದು. ಎಷ್ಟು ಚಮಚ ಆಯ್ತು, ನೀವೇ ಲೆಕ್ಕ ಹಾಕಿ. ಮಕ್ಕಳಿಗೆ ಮೇಲಿಂದ ಹಾಕಿದ ಸಕ್ಕರೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇರಬೇಕು ಅನ್ನುತ್ತೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್.

240 ಮಿ.ಲೀ. ಡ್ರಿಪ್ ಕಾಫಿಯಲ್ಲಿ ಸುಮಾರು 95 ಮಿ.ಗ್ರಾಂ ಕೆಫೀನ್ ಇರುತ್ತೆ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿ.ಗ್ರಾಂ ಮಿತಿ. ಮಕ್ಕಳ ನಿದ್ದೆ ಕೆಡಿಸುತ್ತೆ, ನಿಮಗೆ ಬೇಡ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಪೋಷಕರೇ, ಊಟದ ಜೊತೆಗೇ ಕಾಫಿ ಕುಡಿದರೆ ಊಟದ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ.

ಪ್ಯಾಕೆಟ್ ಓದೋಣ

ಕೆಲವು ಪ್ಯಾಕೆಟ್‌ಗಳ ಮೇಲೆ ಫೇರ್‌ಟ್ರೇಡ್ ಚಿಹ್ನೆ ಇರುತ್ತೆ. ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ 2023ರಲ್ಲಿ ವಾಷ್ಡ್ ಅರೇಬಿಕಾಗೆ ಪೌಂಡಿಗೆ ಕನಿಷ್ಠ 1.80 ಡಾಲರ್ ಬೆಲೆ ನಿಗದಿ ಮಾಡಿತು. ಮಾರುಕಟ್ಟೆ ಬಿದ್ದರೂ ಬೆಳೆಗಾರರಿಗೆ ಅಷ್ಟು ಸಿಗಬೇಕು. ಒಳ್ಳೆಯದೇ. ಆದರೆ ಇದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾಡಿದ ವ್ಯವಸ್ಥೆ. ಅಜ್ಜಿಯ ಹಾಗೆ ದೊಡ್ಡ ತೋಟದಲ್ಲಿ ಕೊಯ್ಯುವವರಿಗೆ ಎಷ್ಟು ಕೂಲಿ ಸಿಗುತ್ತೆ ಅನ್ನೋದನ್ನು ಆ ಚಿಹ್ನೆ ಹೇಳುವುದಿಲ್ಲ. ಅದನ್ನು ನಾವೇ ಕೇಳಬೇಕು. ನಾವು ಕಾಫಿ ಕೊಳ್ಳುವ ಅಂಗಡಿಗೆ ನಾನು ಮೇಲ್ ಬರೆದೆ. ತೋಟದ ಹೆಸರು ತಿಳಿಸಿದರು, ಕೂಲಿಯ ಬಗ್ಗೆ ಏನೂ ಹೇಳಲಿಲ್ಲ. ಮತ್ತೆ ಬರೆದಿದ್ದೇನೆ.

ಹೊಸ ಪದಗಳು
ಹೂಮಳೆ – ಕಾಫಿ ಹೂ ಅರಳಿಸುವ ಬೇಸಿಗೆ ಮಳೆ
ಕಣ – ಬೆಳೆ ಒಣಗಿಸುವ ಅಂಗಳ
ಕೂಲಿ – ದುಡಿದದ್ದಕ್ಕೆ ಸಿಗುವ ಹಣ

ಮನೆಗೆಲಸ
1. ಮನೆಯಲ್ಲಿ 10 ಗ್ರಾಂ ಕಾಫಿ ಬೀಜ ತೂಗಿ ಎಣಿಸಿ. ನಿಮಗೆ ಎಷ್ಟು ಬಂತು?
2. ಪ್ಯಾಕೆಟ್ ಮೇಲೆ ಯಾವ ದೇಶದ, ಯಾವ ಊರಿನ ಹೆಸರಿದೆ? ಬರೆದುಕೊಂಡು ಬನ್ನಿ.
3. ಕಾಫಿ ಮಾರುವವರಿಗೆ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಿರಿ. ತರಗತಿಯಲ್ಲಿ ಎಲ್ಲರೂ ಸೇರಿ ಇಂಗ್ಲಿಷಿಗೆ ತಿರುಗಿಸಿ ಕಳಿಸೋಣ.