ರೋಗಿಯ ಹಾಸಿಗೆಯ ಬಳಿ ಪಾಠ ಹೇಳುವವರು

ಫಿಸಿಯೋಥೆರಪಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸೊಂಟ ನೋವಿಗೆ ಕೊಡುವ ಕರೆಂಟು, ಮಂಡಿ ಆಪರೇಷನ್ ನಂತರದ ವ್ಯಾಯಾಮ, ಅಷ್ಟೇ. ಆದರೆ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳನ್ನು ಈ ಓದಿಗೆ ಸೇರಿಸಲು ಯೋಚಿಸುವವರೂ ಇದ್ದಾರೆ. ಊರಿಗೆ ಕಳುಹಿಸಿದರೆ ಮಂಗಳೂರು, ಮಣಿಪಾಲ, ಬೆಂಗಳೂರು. ಇಲ್ಲೇ ಇರಿಸಿಕೊಂಡರೆ ಅಜ್ಮಾನಿನ ಗಲ್ಫ್ ಮೆಡಿಕಲ್ ಯೂನಿವರ್ಸಿಟಿ. ಮಂಗಳೂರು ಮೂಲದ ಡಾ. ತುಂಬೆ ಮೊಯ್ದೀನ್ ಅವರು 1998ರಲ್ಲಿ ಕಾಲೇಜಾಗಿ ಆರಂಭಿಸಿದ ಆ ಸಂಸ್ಥೆಯಲ್ಲಿ ಫಿಸಿಯೋಥೆರಪಿ ಪದವಿಯೂ ಇದೆ.

ಸೀಟು ಹುಡುಕುವಾಗ ನಾವು ಫೀಸು, ಹಾಸ್ಟೆಲ್ಲು, ಮಾನ್ಯತೆ ಎಲ್ಲವನ್ನೂ ವಿಚಾರಿಸುತ್ತೇವೆ. ಆಸ್ಪತ್ರೆಯಲ್ಲಿ ಮಕ್ಕಳಿಗೆ ಕೈ ಹಿಡಿದು ಕಲಿಸುವವರು ಯಾರು, ಅದಕ್ಕೆ ಅವರಿಗೆ ಸಮಯವಾದರೂ ಇದೆಯೇ ಎಂದು ಮಾತ್ರ ಕೇಳುವುದಿಲ್ಲ. ಈ ಲೇಖನ ಅವರನ್ನು ಕುರಿತದ್ದು.

ಒಂದು ಉದಾಹರಣೆ ನೋಡೋಣ. ಲಕ್ವ ಹೊಡೆದ ಅಜ್ಜನನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕು. ಮನೆಯವರೂ ಹೊಸ ವಿದ್ಯಾರ್ಥಿಯೂ ಸಾಮಾನ್ಯವಾಗಿ ಮಾಡುವುದು ಒಂದೇ: ಸ್ವಾಧೀನವಿಲ್ಲದ ಕೈ ಹಿಡಿದು ಮೇಲಕ್ಕೆ ಎಳೆಯುವುದು. ಭುಜದ ಸ್ನಾಯುಗಳು ಸಡಿಲವಾಗಿರುವುದರಿಂದ ಆ ಎಳೆತಕ್ಕೆ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಉಳಿಯಬಹುದು. ಸರಿಯಾದ ಕ್ರಮವೇ ಬೇರೆ. ಕುರ್ಚಿಯ ಬ್ರೇಕು ಹಾಕಿ, ಪಾದಗಳನ್ನು ಹಿಂದಕ್ಕೆ ಸರಿಸಿ, ಮುಂದಕ್ಕೆ ಬಾಗಿಸಿ, ಸೊಂಟದ ಬಳಿ ಆಸರೆ ಕೊಟ್ಟು ಏಳಿಸಬೇಕು. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಆದರೆ ಅಜ್ಜನ ಭಾರ ಎತ್ತ ವಾಲುತ್ತದೆ, ಯಾವ ಕ್ಷಣದಲ್ಲಿ ಅವರು ಹೆದರುತ್ತಾರೆ ಎಂಬುದು ಕೈಗೇ ತಿಳಿಯಬೇಕು. ಅನುಭವಿಯೊಬ್ಬರು ಪಕ್ಕದಲ್ಲಿ ನಿಂತು ತಿದ್ದದೆ ಅದು ತಿಳಿಯುವುದಿಲ್ಲ.

ಆ ಅನುಭವಿಯ ದಿನ ಹೇಗಿರುತ್ತದೆ? ಒಬ್ಬರ ಹಿಂದೆ ಒಬ್ಬರು ರೋಗಿಗಳು. ಒಬ್ಬರಿಗೆ ಹಿಂದಿ, ಇನ್ನೊಬ್ಬರಿಗೆ ಮಲಯಾಳ, ಮತ್ತೊಬ್ಬರಿಗೆ ಅರಬಿ. ನಡುವೆ ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆಯಬೇಕು. ಅದರ ಮೇಲೆ ವಿದ್ಯಾರ್ಥಿ. ಕಲಿಸಲು ನಿಂತರೆ ಹೊರಗೆ ಕಾಯುವವರು ಗೊಣಗುತ್ತಾರೆ. ಕಲಿಸದಿದ್ದರೆ ವಿದ್ಯಾರ್ಥಿ ಬಿಸಿ ಪ್ಯಾಕು ಇಡುವುದರಲ್ಲೇ ಪೋಸ್ಟಿಂಗ್ ಮುಗಿಸುತ್ತಾನೆ. ನಮ್ಮ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಹೊಸಬರು ತಂಡಕ್ಕೆ ಬಂದರೆ, ಅವರಿಗೆ ಕಲಿಸುವ ಹಿರಿಯರ ಕೆಲಸವನ್ನು ಸ್ವಲ್ಪ ಕಡಿಮೆ ಮಾಡುವುದುಂಟು. (ಮಾಡದ ಮ್ಯಾನೇಜರುಗಳೂ ಉಂಟು, ಬಿಡಿ!) ಆಸ್ಪತ್ರೆಗಳಲ್ಲೂ ಕಲಿಸುವ ಗಂಟೆಯನ್ನು ಕೆಲಸದ ಗಂಟೆಯೆಂದೇ ಲೆಕ್ಕ ಹಿಡಿಯಬೇಕು. ಪ್ರಮಾಣಪತ್ರ, ಹೂಗುಚ್ಛಕ್ಕಿಂತ ಇದೇ ಮೊದಲ ನೆರವು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಕಲಿಸುವ ವಿಧಾನ. ಒಳ್ಳೆಯ ಚಿಕಿತ್ಸಕರೆಲ್ಲ ಒಳ್ಳೆಯ ಗುರುಗಳೇ ಆಗಿರಬೇಕೆಂದಿಲ್ಲ. ಅಮೆರಿಕದಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗೆ ಕಲಿಸುವವರಿಗೆ ಕನಿಷ್ಠ ಒಂದು ವರ್ಷದ ಅನುಭವ ಬೇಕೆಂಬ ನಿಯಮವಿದೆ. ಅಲ್ಲಿನ ವೃತ್ತಿ ಸಂಘವು ಇಂಥವರಿಗಾಗಿ ಪ್ರತ್ಯೇಕ ತರಬೇತಿಯನ್ನೂ ನಡೆಸುತ್ತದೆ. ಸಮಯವಿಲ್ಲದವರಿಗೆ 1992ರಲ್ಲಿ ಅಮೆರಿಕದ ಕುಟುಂಬ ವೈದ್ಯರು ಪ್ರಕಟಿಸಿದ ಐದು ಹೆಜ್ಜೆಗಳ ಕ್ರಮವೊಂದು ಬಹಳ ಉಪಯುಕ್ತ. ಅದನ್ನು ‘ಒಂದು ನಿಮಿಷದ ಗುರು’ ಎನ್ನಬಹುದು. ಮೊದಲು ‘ಈ ರೋಗಿಗೆ ಏನಾಗಿದೆ ಅನ್ನಿಸುತ್ತದೆ?’ ಎಂದು ವಿದ್ಯಾರ್ಥಿಯನ್ನೇ ಕೇಳುವುದು. ಆಮೇಲೆ ‘ಯಾಕೆ ಹಾಗೆ ಅನ್ನಿಸಿತು?’ ಎನ್ನುವುದು. ಇಂಥ ರೋಗಿಗಳಿಗೆಲ್ಲ ಅನ್ವಯಿಸುವ ಒಂದು ಸೂತ್ರ ಹೇಳುವುದು. ಸರಿ ಮಾಡಿದ್ದನ್ನು ಹೆಸರಿಸಿ ಮೆಚ್ಚುವುದು. ಕೊನೆಗೆ ತಪ್ಪನ್ನು ತಿದ್ದುವುದು. ನಮ್ಮವರ ‘ಪರವಾಗಿಲ್ಲ’ ಎಂಬ ಒಂದೇ ಮಾತಿನಿಂದ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ರೋಗಿಯ ಎದುರೇ ಬೈದರೆ ತಿಳಿದದ್ದೂ ಮರೆತುಹೋಗುತ್ತದೆ.

ಕಾಲೇಜಿನವರ ಹೊಣೆಯೂ ಇದೆ. ಈ ವಿದ್ಯಾರ್ಥಿ ಏನು ಓದಿದ್ದಾನೆ, ಯಾವುದನ್ನು ಒಬ್ಬನೇ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಮೊದಲೇ ಬರೆದು ಕಳುಹಿಸಬೇಕು. ವಿದ್ಯಾರ್ಥಿ ಹಿಂದೆ ಬಿದ್ದರೆ ಫೋನು ಮಾಡಲು ಒಬ್ಬರ ಹೆಸರು ಇರಬೇಕು.

ನಮ್ಮಂಥ ಸಮುದಾಯದ ನಿಧಿಗಳು ಸಾಮಾನ್ಯವಾಗಿ ವಿದ್ಯಾರ್ಥಿವೇತನಕ್ಕೆ ಹೋಗುತ್ತವೆ; ಅದು ಸರಿಯೇ. ಊರಿನ ಸಣ್ಣ ಆಸ್ಪತ್ರೆಗಳಲ್ಲಿ ಪಾಠ ಹೇಳುವ ಥೆರಪಿಸ್ಟುಗಳಿಗೆ ಒಂದು ದಿನದ ತರಬೇತಿ ಏರ್ಪಡಿಸುವುದಕ್ಕೂ ಸ್ವಲ್ಪ ಭಾಗ ಮೀಸಲಿಟ್ಟರೆ, ಆ ಹಣ ವರ್ಷವರ್ಷವೂ ಬರುವ ಹೊಸ ವಿದ್ಯಾರ್ಥಿಗಳಿಗೆ ದಕ್ಕುತ್ತದೆ.

ಇನ್ನು ಮನೆಯವರು. ಅಮ್ಮನಿಗೋ ಮಾವನಿಗೋ ಚಿಕಿತ್ಸೆ ನಡೆಯುವಾಗ ‘ವಿದ್ಯಾರ್ಥಿ ಜೊತೆಗಿರಬಹುದೇ?’ ಎಂದು ಕೇಳುತ್ತಾರೆ. ಬೇಡವೆನ್ನುವ ಹಕ್ಕು ನಿಮಗಿದೆ. ಒಪ್ಪುವುದಾದರೆ, ಹಿರಿಯ ಥೆರಪಿಸ್ಟು ಕೋಣೆಯಲ್ಲೇ ಇರುತ್ತಾರೆಯೇ ಎಂದು ಕೇಳಿಕೊಳ್ಳಿ. ಎಲ್ಲಿ ನೋಯುತ್ತದೆ ಎಂಬುದನ್ನು ವಿದ್ಯಾರ್ಥಿಗೂ ಬಿಡಿಸಿ ಹೇಳಿ. ಹತ್ತು ನಿಮಿಷ ತಡವಾದರೆ ಸಹಿಸಿಕೊಳ್ಳಿ.